ಪುಸ್ತಕ ಬೇರೆ, ಮನೆ ಬೇರೆ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ನಮ್ಮ ಚರ್ಚಿನ ಸಭಾಪಾಲಕಿಯವರೇ (ಇವರು ನನ್ನ ಮಗಳು, ಪುಟ್ಟಿ ಎಂದು ಕರೆಯಬಾರದೆಂದು ಹೆಂಡತಿ ಬಾಗಿಲಲ್ಲೇ ಎಚ್ಚರಿಸಿದ್ದಾಳೆ), ಮಾನ್ಯ ಪ್ರಾಂಶುಪಾಲರೇ, ನನ್ನ ಮಾತಿಗಿಂತ ಊಟದ ಕಡೆಗೆ ಹೆಚ್ಚು ಗಮನವಿಟ್ಟಿರುವ ಸಭಿಕರೇ,

ಇಂದು ನನ್ನ ನಿವೃತ್ತಿ. ನನ್ನ ಪುಸ್ತಕದ ಮೂರನೆಯ ಮುದ್ರಣದ ಬಿಡುಗಡೆಯೂ ಇಂದೇ. ಈ ದೈವಶಾಸ್ತ್ರ ಕಾಲೇಜಿನಲ್ಲಿ ಜೀವಮಾನವೆಲ್ಲ ನಾನು ಕಲಿಸಿದ್ದು ಒಂದೇ ಪಾಠ. ಸತ್ಯವೇದದ, ಅಂದರೆ ಬೈಬಲಿನ, ಯಾವ ವಾಕ್ಯವನ್ನೇ ತೆಗೆದುಕೊಳ್ಳಿ, ಮೊದಲು ಕೇಳಿ: ಹೇಳಿದವರು ಯಾರು? ಯಾರಿಗೆ? ಯಾವ ಗಲಾಟೆಯ ನಡುವೆ? ಹಳಬರು ಇದನ್ನು ಅಪನಂಬಿಕೆ ಎಂದರು. ನಾನು ಆಧುನಿಕ ವ್ಯಾಖ್ಯಾನ ಎಂದೆ. ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕೆಂಬ ಅಪೊಸ್ತಲರ ಮಾತು ಯಾವುದೋ ಒಂದು ಊರಿನ ಜಗಳಕ್ಕೆ ಕೊಟ್ಟ ಬುದ್ಧಿಮಾತು, ಸರ್ವಕಾಲದ ಕಾನೂನಲ್ಲ ಎಂದು ನಾಲ್ಕನೆಯ ಅಧ್ಯಾಯದಲ್ಲಿ ಸಾಧಿಸಿದೆ. ಚಪ್ಪಾಳೆ ಬಿತ್ತು. ಮನೆಯಲ್ಲೂ ಒಬ್ಬಳು ಅದನ್ನು ಓದುತ್ತಿದ್ದಾಳೆಂದು ನನಗೇನು ಗೊತ್ತು?

ಒಂದು ಬೆಳಿಗ್ಗೆ ಪುಟ್ಟಿ, ಕ್ಷಮಿಸಿ, ಅಧ್ಯಕ್ಷರು, "ಅಪ್ಪಾ, ನಾನು ಸಭಾಪಾಲಕಿ ಆಗ್ತೀನಿ" ಎಂದರು.

"ಅದೆಲ್ಲ ಆಗೋ ಮಾತಲ್ಲ. ಅಪೊಸ್ತಲರು ಏನು ಹೇಳಿದ್ದಾರೆ ಗೊತ್ತಲ್ಲ?"

"ಅದಕ್ಕೆ ನೀವೇನು ಹೇಳಿದ್ದೀರಿ ಅನ್ನೋದೂ ಗೊತ್ತು."

"ಪುಸ್ತಕ ಬೇರೆ, ಮನೆ ಬೇರೆ ಕಣೇ!"

ಸಭಿಕರೇ, ಇದರಲ್ಲಿ ತಪ್ಪೇನಿದೆ? ಪಕ್ಕದ ಮನೆಯ ಹುಡುಗಿ ಸಭಾಪಾಲಕಿಯಾಗಲು ಹೊರಟಿದ್ದರೆ ನಾನೇ ಮುಂದೆ ನಿಂತು ಶಿಫಾರಸು ಮಾಡುತ್ತಿದ್ದೆ.

ವಿಷಯ ಸಭಾಮಂಡಳಿಗೆ ಹೋಯಿತು. ತಜ್ಞನೆಂದು ನನ್ನನ್ನೇ ಕರೆದರು. ಕಾಲ ಇನ್ನೂ ಪಕ್ವವಾಗಿಲ್ಲ ಎಂದು ಗಂಭೀರವಾಗಿ ಹೇಳಿ ಕುಳಿತೆ. ಮಗಳು ಎದ್ದು ನಾಲ್ಕನೆಯ ಅಧ್ಯಾಯವನ್ನು ಓದಿದಳು. ಮಂಡಳಿಯ ಹಿರಿಯರಾದ ಹಲ್ಲಿನ ಡಾಕ್ಟರು ಕಣ್ಣು ಮುಚ್ಚಿ ಕೇಳಿ, "ಎಷ್ಟು ಚೆನ್ನಾಗಿದೆ! ಬರ್ದೋರು ಯಾರಮ್ಮ?" ಎಂದರು. ಅವಳು ನನ್ನತ್ತ ಕೈ ತೋರಿಸಿದಳು. ಮಂಡಳಿ ಪುಸ್ತಕವನ್ನು ಒಪ್ಪಿತು, ಲೇಖಕನನ್ನು ತಳ್ಳಿಹಾಕಿತು.

ಆಮೇಲೆ ನಾನು ಅವಳೊಡನೆ ಮಾತು ಬಿಟ್ಟೆ. ಕೋಪದಿಂದಲ್ಲ, ತತ್ತ್ವಕ್ಕಾಗಿ. "ರೀ, ಅಪೊಸ್ತಲರು ಸುಮ್ನಿರಿ ಅಂದಿದ್ದು ಹೆಂಗಸರಿಗೆ, ನಿಮಗಲ್ಲ" ಎಂದಳು ಹೆಂಡತಿ. ಹಾಸ್ಯಪ್ರಜ್ಞೆಯುಳ್ಳ ಹೆಂಗಸು.

ಮಗಳು ಚರ್ಚಿನಲ್ಲಿ ಮಾಡಿದ ಮೊದಲ ಪ್ರಸಂಗ ಕೇಳಲು ಹೋಗಿ ಕಡೆಯ ಬೆಂಚಿನಲ್ಲಿ ಕೂತೆ. ತಪ್ಪು ಹುಡುಕುವುದಷ್ಟೇ ಉದ್ದೇಶ. ಪಕ್ಕದಲ್ಲಿ, ಆಗತಾನೆ ಗಂಡನನ್ನು ಕಳೆದುಕೊಂಡಿದ್ದ ನಮ್ಮ ಬೀದಿಯ ದರ್ಜಿ ಹೆಂಗಸು ಅಳುತ್ತಾ ಕೇಳುತ್ತಿದ್ದಳು. ಕೊನೆಗೆ, "ನಿಮ್ಮ ಮಗಳಲ್ವಾ ಸಾರ್? ನಂಗೇ ಹೇಳ್ದಂಗಿತ್ತು" ಎಂದಳು. ಹೌದಮ್ಮ ಎಂದು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡೆ. ನೆಗಡಿ ಇರಬೇಕು.

ಈ ಮುದ್ರಣದಲ್ಲಿ ಆ ಅಧ್ಯಾಯವನ್ನು ತಿದ್ದಿ, ಹೆಂಗಸರಿಗೆ ಅಷ್ಟು ಸಡಿಲ ಬಿಡದಂತೆ ಬಿಗಿ ಮಾಡಬೇಕೆಂದಿದ್ದೆ. ತಿದ್ದಲು ಕೂತು, ಬರೆದಮೇಲೆ ಮೊದಲ ಸಲ ಪೂರ್ತಿ ಓದಿದೆ. ಏನು ಮಾಡಲಿ ಹೇಳಿ? ನನಗೇ ಒಪ್ಪಿಗೆಯಾಯಿತು! ಒಂದಕ್ಷರವನ್ನೂ ಬದಲಿಸಲಿಲ್ಲ.

ಇದನ್ನು ಮಗಳ ಮನೆಗೆ ಒಬ್ಬನೇ ಹೋಗಿ ಹೇಳಲು ಧೈರ್ಯ ಸಾಲಲಿಲ್ಲ. ಅದಕ್ಕೇ ಇಷ್ಟು ಜನರನ್ನು ಕೂಡಿಸಿಕೊಂಡು ಹೇಳುತ್ತಿದ್ದೇನೆ. ಜೊತೆಗೆ ಬಂದು ಕೂತ ನಿಮಗೆಲ್ಲ ಕೃತಜ್ಞ. ನಮಸ್ಕಾರ.