ಸ್ಟೀರಿಂಗ್ ಬಿಡದ ಕೈ

ನಾರಿನ್ ಊರಿನ ಡ್ರೈವಿಂಗ್ ಪರೀಕ್ಷೆಯ ಅಂಗಳದಲ್ಲಿ ಸರದಿಗೆ ಕಾಯುತ್ತಿದ್ದ ಅಸಿಲ್ಕಾನಳ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಬಂದು ಕೂತರು. ಅಕ್ಕ ತುರ್ಸುನಾಯ್ ಆಗತಾನೇ ಪರೀಕ್ಷೆ ಮುಗಿಸಿ ಕಾರಿನಿಂದ ಇಳಿದಿದ್ದಳು. ಅಸಿಲ್ಕಾನಳಿಗೆ ಅವರ ಮಾತು ಕೇಳಿಸಿಕೊಳ್ಳಬೇಕೆಂದೇನೂ ಇರಲಿಲ್ಲ, ಆದರೆ ಬೆಂಚು ಚಿಕ್ಕದು.

"ಏನಾಯ್ತಕ್ಕಾ? ಈ ಸಲಾನೂ ಢುಮ್ಕಿನಾ?" ತಂಗಿ ಕಲಿಪಾ ಕೇಳಿದಳು.

"ಪಾಸಾದೆ."

"ಮತ್ಯಾಕೆ ಮುಖ ಹಿಂಗೆ? ಹೋದ ಸಲ ಫೇಲಾಗಿ ನಗ್ತಾ ಬಂದಿದ್ದೆ!"

"ಹೋದ ಸಲ ಪರೀಕ್ಷೆ ದಾರೀಲಿ ಗೋರಿಗಳ ಹತ್ರ ಬಂದಾಗ, ಇಲ್ಲಿ ಎಲ್ಲರೂ ಮಾಡೋ ಹಾಗೆ ಎರಡೂ ಕೈ ಎತ್ತಿ, ಮುಖ ಸವರ್ಕೊಂಡು, ಅಪ್ಪಂಗೆ ದುವಾ ಮಾಡಿದ್ದೆ."

"ಸ್ಟೀರಿಂಗ್ ಬಿಟ್ಟಿದ್ದಕ್ಕೆ ಅಲ್ಲೇ ಇಳಿಸಿಬಿಟ್ರು. ಇವತ್ತು?"

"ಕೈ ಎತ್ತಲಿಲ್ಲ."

"ಜಾಣೆ! ಮನಸಲ್ಲೇ ಮಾಡ್ಕೊಂಡಿರ್ತೀಯ ಬಿಡು."

"ಅದೂ ಇಲ್ಲ ಕಣೇ. ಗೇರ್ ನೆನಪಿತ್ತು, ಕನ್ನಡಿ ನೆನಪಿತ್ತು. ಅಪ್ಪ ಅಲ್ಲಿ ಮಲಗಿದಾರೆ ಅನ್ನೋದೇ ಮರೆತೋಯ್ತು. ಪಕ್ಕದಲ್ಲಿ ಕೂತಿದ್ದ ಪರೀಕ್ಷೆ ಸಾಹೇಬ್ರು ಪೆನ್ನು ಕೆಳಗಿಟ್ಟು ತಮ್ಮ ಮುಖ ಸವರ್ಕೊಂಡ್ರು ನೋಡು, ಆವಾಗ ನೆನಪಾಯ್ತು. ಅಷ್ಟೊತ್ತಿಗೆ ದಾಟಿಬಿಟ್ಟಿದ್ದೆ."

"ಅವರೇನಾದ್ರೂ ಅಂದ್ರಾ?"

"ಏನೂ ಅನ್ನಲಿಲ್ಲ. ಪಾಸು ಅಂತ ಬರೆದ್ರು."

ಕಲಿಪಾ ಕೋಟಿನ ಜೇಬಿನಿಂದ ಕೀ ತೆಗೆದು ಅಕ್ಕನತ್ತ ಚಾಚಿದಳು.

"ಏಳಕ್ಕಾ. ಅಪ್ಪನ ಕಾರು ಓಡಿಸ್ಬೇಕು ಅಂತ ಎರಡು ವರ್ಷದಿಂದ ಜೀವ ತಿಂದಿದೀಯ. ಮನೇವರೆಗೂ ನೀನೇ ಓಡಿಸು."

"ಬೇಡ, ನೀನೇ ಓಡಿಸು," ಎಂದು ತುರ್ಸುನಾಯ್ ಎದ್ದು ಗೇಟಿನತ್ತ ನಡೆದಳು. "ಗೋರಿಗಳಿರೋ ಅದೇ ದಾರೀಲಿ ಹೋಗು. ನನ್ನ ಕೈ ಎರಡೂ ಖಾಲಿ ಇರ್ಲಿ."