ಯಾರೂ ಬಂದು ಒಯ್ಯದ ಕೋಟು

...ಅಯ್ಯೋ, ಅಲುಗಾಡಬೇಡ ತಮ್ಮಾ! ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಎಷ್ಟು ಸಲ ಹೇಳಲಿ? ನೆಟ್ಟಗೆ ನಿಲ್ಲು. ಹದಿನಾರು ವರ್ಷ ಮಿಲಿಟರಿಯಲ್ಲಿ ನಿಂತವನಿಗೆ ನನ್ನ ಕನ್ನಡಿ ಮುಂದೆ ಎರಡು ನಿಮಿಷ ನಿಲ್ಲೋಕಾಗಲ್ವಾ?

ಯಾಕೆ ನಗ್ತೀಯಾ? ಮತ್ತೆ 'ಅಮ್ಮಾ' ಅಂದೆ ನೋಡು! ಅಕ್ಕ ಅನ್ನು. ಬೀದಿಗೆಲ್ಲ ನಾನು ದರ್ಜಿ ಅಕ್ಕ.

ಏನು... ನಾಳೆ ಹೋಗಲ್ವಾ? ಸತ್ತ ಸೈನಿಕರ ಕಲ್ಲಿಗೆ ಹೂ ಇಡೋಕೆ ನಿನ್ನನ್ನೇ ಕರೆದಿದ್ದಾರೆ, ಹೋಗಲ್ಲ ಅಂದ್ರೆ? ...ಹೂಂ. ಅದೂ ನಿಜವೇ ಬಿಡು. ನಾಳೆ ಚಪ್ಪಾಳೆ ಹೊಡೀತಾರೆ, ನಾಡಿದ್ದು ಅದೇ ಜನ ಬ್ಯಾಂಕಿನ ಗೇಟಲ್ಲಿ ನಿಂತು 'ಏಯ್ ವಾಚ್‌ಮನ್, ಗಾಡಿ ಸರಿಸು' ಅಂತಾರೆ. ನೀನು ಇರೋ ಒಂದೇ ಕೈಯಲ್ಲಿ ಸರಿಸಬೇಕು! ಯಾರಂದದ್ದು ಹೇಳು. ಅವನ ಪ್ಯಾಂಟು ನನ್ನ ಹತ್ತಿರಾನೇ ಬರುತ್ತೆ. ಸೊಂಟ ಒಂದಿಂಚು ಬಿಗಿ ಮಾಡಿ ಕಳಿಸ್ತೀನಿ! ...ಹಾಂ, ಸದ್ಯ, ನಕ್ಕೆ.

ಆದರೂ ಹೋಗಬೇಕು. ಚಪ್ಪಾಳೆಯವರಿಗೋಸ್ಕರ ಅಲ್ಲ, ಕಲ್ಲಿನ ಮೇಲೆ ಹೆಸರಿರೋರಿಗೋಸ್ಕರ.

ನಾನಾ? ನನಗೆಲ್ಲಿ ಪುರುಸೊತ್ತು! ಹನ್ನೊಂದು ವರ್ಷ ಆಯ್ತು, ಆ ಕಡೆ ತಲೆ ಹಾಕಿಲ್ಲ.

ನಿನ್ನ ಮೈಮೇಲಿರೋ ಈ ಕೋಟು ಯಾರದ್ದಾ? ಹೇಳಿದೆನಲ್ಲ... ಯಾವನೋ ಗಿರಾಕಿ. ಹೊಲಿಯೋಕೆ ಹಾಕಿದ, ಬಂದು ಒಯ್ಯಲಿಲ್ಲ. ಬಟ್ಟೆ ನೋಡು, ಒಂದು ಹುಳ ಮುಟ್ಟಿಲ್ಲ. ತಿಂಗಳಿಗೊಂದು ಸಲ ಬಿಸಿಲಿಗೆ ಹಾಕ್ತೀನಿ. ...ಎಲ್ಲರ ಬಟ್ಟೆಗೂ ಹಾಗೇ ಮಾಡ್ತೀನಪ್ಪ! ಮಾಡಬಾರದಾ?

ಪಕ್ಕದ ಹೊಲಿಗೆ ಬಿಚ್ಚಿದ್ದಕ್ಕೇ ನಿನ್ನ ಎದೆಗೆ ಸರಿಯಾಯ್ತು. ಒಳಗೆ ಎರಡೆರಡು ಇಂಚು ಬಟ್ಟೆ ಬಿಟ್ಟಿದ್ದೆ. ಮಿಲಿಟರಿಗೆ ಹೋದ ಹುಡುಗರು ಎದೆ ಅಗಲ ಮಾಡ್ಕೊಂಡು ಬರ್ತಾರೆ, ಆಮೇಲೆ ಬಿಡಿಸಬಹುದು ಅಂತ... ಅಂದರೆ... ಯಾವ ಹುಡುಗರಾದರೂ ಅಷ್ಟೇ.

ಈಗ ಎಡತೋಳು. ಮಡಚಿ ಪಿನ್ನು ಹಾಕಿದರೆ ಚೀಲದ ಬಾಯಿ ಕಟ್ಟಿದ ಹಾಗಿರುತ್ತೆ. ಮೊಣಕೈ ಮೇಲೆ ಕತ್ತರಿಸಿ, ಮುಚ್ಚಿ ಹೊಲೀತೀನಿ. ಗೆರೆ ಎಳೆದಾಯ್ತು. ಕತ್ತರಿ... ಇಲ್ಲಿ... ಏನಿಲ್ಲ, ಕತ್ತರಿಸ್ತೀನಿ ತಾಳು. ಕತ್ತರಿ ಮೊಂಡಾಗಿದೆ, ಅಷ್ಟೇ.

ಏಯ್, ಏನು ಮಾಡ್ತಿದ್ದೀಯಾ? ಖಾಲಿ ತೋಳನ್ನ ಜೇಬಿಗೆ ತುರುಕಬೇಡ! ಆ ಜೇಬಿಗೆ ಕೈ ಹಾಕಬೇಡ ಅಂದೆ... ಅದು ಅಳತೆ ಚೀಟಿ. ಎಲ್ಲ ಬಟ್ಟೆಗೂ ಒಂದೊಂದು ಇಡ್ತೀನಿ. ಎದೆ, ಭುಜ, ತೋಳು, ಹೆಸರು...

ಕೊಡು ಇಲ್ಲಿ.

ಮತ್ತೆ ಮತ್ತೆ ಏನು ಓದ್ತೀಯಾ? ನನ್ನ ಅಕ್ಷರ ಓದೋಕಾಗಲ್ವಾ? ಹಳೇ ಪೇಪರಲ್ಲಿ ಅಳತೆ ಕತ್ತರಿಸ್ತಾ ಕತ್ತರಿಸ್ತಾ ನಾನೇ ಕಲಿತ ಅಕ್ಷರ. ಯಾವ ಮೇಷ್ಟ್ರೂ ತಿದ್ದಿಸಿಲ್ಲ...

ಏನು... ಹೆಸರು ಓದಿದೆಯಾ?

...ಹೂಂ. ಹೆಸರಿನ ಜಾಗದಲ್ಲಿ 'ನಮ್ಮ ಪುಟ್ಟ' ಅಂತಲೇ ಬರೆದದ್ದು. ಗಿರಾಕಿಗೆ ಯಾರು ಹಾಗೆ ಬರೀತಾರೆ.

ಬಿಚ್ಚಬೇಡ! ಹಾಕ್ಕೊಂಡಿರು. ಆ ಕಲ್ಲಲ್ಲಿ ಮೇಲಿಂದ ಮೂರನೇ ಸಾಲು, ಬಲತುದಿ, ನನ್ನ ಮಗನ ಹೆಸರು. ತಲೆ ಹಾಕಿಲ್ಲ ಅಂದದ್ದು ಸುಳ್ಳು, ವರ್ಷಾ ವರ್ಷಾ ಜನ ಚದುರಿದ ಮೇಲೆ ಹೋಗಿ ನೋಡ್ಕೊಂಡು ಬರ್ತೀನಿ. ನಾಳೆ ನೀನು ಹೋಗೋದಾದರೆ... ನಿನ್ನ ಹಿಂದೆ ನಿಲ್ತೀನಿ.

ಜೇಬಿಂದ ತೋಳು ತೆಗಿ. ಅರ್ಧ ಕೆಲಸ ನನ್ನ ಅಂಗಡಿ ಹೊಸ್ತಿಲು ದಾಟಲ್ಲ. ತೋಳಿನ ತುದಿ ಹಿಡ್ಕೋ, ಬಿಗಿಯಾಗಿ. ಕತ್ತರಿಸ್ತೀನಿ.

ಹಿಡ್ಕೊಂಡೆಯಾ? ...ಬಿಡಬೇಡ.