ಗಣಿತ ಇಲ್ಲದ ಸೈನ್ಸು

...ಅಲ್ಲ ಕಣೇ ತನು, ಬಾಗಿಲಲ್ಲೇ ನಿಂತ್ಕೊಂಡ್ರೆ ಹೇಗೆ? ಒಳಗೆ ಬಾ. ಮೊದಲ್ನೇ ದಿನದ ಕಾಲೇಜು, ಶಿವಮೊಗ್ಗದಿಂದ ಭದ್ರಾವತಿ ತನಕ ಬಸ್ಸಲ್ಲಿ ನಿಂತ್ಕೊಂಡೇ ಬಂದಿದೀಯ. ನೀರಾದ್ರೂ ಕುಡಿ. ಏನಂದೆ, ನಿನ್ ಕ್ಲಾಸಿಗೆ ಗಣಿತಾನೇ ಇಲ್ವಂತಾ? ಅದರ ಬದಲು ಹೋಮ್ ಸೈನ್ಸಾ? ಥತ್! ಆ ಕ್ಲರ್ಕ್‌ನ ನಾನು ಸುಮ್ನೆ ಬಿಡಲ್ಲ.

ಹಾಗ್ ನೋಡ್ಬೇಡ. ಅಡ್ಮಿಷನ್ ದಿನ ನಾನು ಅವನಿಗೆ ಸರಿಯಾಗೇ ಹೇಳಿದ್ದೆ. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ಕಂಪ್ಯೂಟರು... ದಾರಿಯುದ್ದಕ್ಕೂ ಜಪ ಮಾಡ್ಕೊಂಡೇ ಹೋಗಿದ್ದೆ ಮಾರಾಯ್ತಿ! ಗಣಿತ ಓದ್ದೆ ಇಂಜಿನಿಯರ್ ಆಗಕ್ಕಾಗಲ್ಲ ಅಂತ ನಂಗೇನ್ ಗೊತ್ತಿಲ್ವಾ?

ಚೀಟಿ... ಹೂಂ, ಅವತ್ತು ಸಬ್ಜೆಕ್ಟೆಲ್ಲಾ ಬರೆದು ಕೊಡಕ್ ಬಂದೆ ನೀನು. ಮೈತುಂಬ ಅಮ್ಮ ಎದ್ದು, ಬೇವಿನ ಸೊಪ್ಪಿನ ಮೇಲೆ ಮಲಗಿದ್ದೋಳು, ಆ ಜ್ವರದಲ್ಲೂ ಪೆನ್ನು ಹಿಡಿದಿದ್ದೆ. ನಾನೇ ಬೇಡ ಅಂದೆ. ಇಪ್ಪತ್ತು ವರ್ಷದಿಂದ ಫ್ಯಾಕ್ಟರೀಲಿ ಡ್ರಾಯಿಂಗ್ ನೋಡಿ ಲೇತ್ ಮಿಷನ್ನಲ್ಲಿ ಪಾರ್ಟ್ ಮಾಡೋನಿಗೆ ನೀನು ಚೀಟಿ ಕೊಡ್ತೀಯಾ ಅಂತ ರೇಗಿದೆ. ಯಾಕ್ ನಗ್ತೀಯ? ಓ... ಅಳ್ತಿದೀಯಾ?

ನೋಡು, ಅಲ್ಲಿ ರಶ್ಶು ಅಂದ್ರೆ ರಶ್ಶು. ಕ್ಲರ್ಕು ಅರ್ಜಿ ನನ್ ಕಡೆ ತಳ್ಳಿ, ಬೇಕಾದ್ದಕ್ಕೆ ಟಿಕ್ ಮಾಡ್ರೀ ಅಂದ. ಏನು? ಬಾಯಲ್ಲಿ ಹೇಳಿದೆ ಅಂತ ನಾನೇ ಈಗ ತಾನೇ ಅಂದೆನಾ? ಹೇಳೋಣ ಅಂತಿದ್ದೆ... ಅವನು ಕೇಳಿಸ್ಕೊಂಡ್ರೆ ತಾನೆ! ಪಕ್ಕದಲ್ಲಿದ್ದ ಹೆಂಗಸು, ಬರ್ಕೊಡ್ಲಾ ಅಣ್ಣಾ ಅಂದ್ಲು. ಅಷ್ಟು ಜನರ ಎದುರಿಗೆ! ಬೇಡಮ್ಮ ಅಂದೆ. ಅವಳ ಮಗಳೂ ಸೈನ್ಸೇ ಅಂತೆ. ಅವಳು ಯಾವ ಚೌಕಕ್ಕೆ ಟಿಕ್ ಹಾಕಿದ್ಲು ಅಂತ ಓರೆಗಣ್ಣಲ್ಲಿ ನೋಡಿ, ನಾನೂ ಅಲ್ಲಿಗೇ... ಸೈನ್ಸ್ ಅಂದ್ರೆ ಎಲ್ಲಾ ಒಂದೇ ಅಲ್ವೇನೇ?

ಬೈಯೇ! ಬೈದ್ಬಿಡು. ನಾಳೆ ಬೆಳಗ್ಗೆ ನಾನೇ ಬರ್ತೀನಿ, ಪ್ರಿನ್ಸಿಪಾಲ್ರ ಕಾಲಿಗೆ ಬೀಳ್ತೀನಿ. ಏನು, ಆಗ್ಲೇ ಕೇಳ್ಕೊಂಡ್ ಬಂದ್ಯಾ? ಒಂದು ಸೀಟೂ ಉಳಿದಿಲ್ವಂತಾ? ಬೇರೆ ಕಾಲೇಜಲ್ಲಿ? ಅಲ್ಲೂ ಮುಗೀತಾ... ಅಯ್ಯೋ, ಒಂದು ವರ್ಷ ಮನೇಲಿ ಕೂರ್ತೀಯಾ ಹಾಗಾದ್ರೆ? ಕ್ಲಾಸಿಗೇ ಫಸ್ಟ್ ಬಂದೋಳು ನೀನು! ನಾನೇನ್ ಮಾಡ್ಲಿ, ನಂಗೇನೂ ತೋಚ್ತಿಲ್ಲ ಕಣೇ.

ಏನಿದು? ಅದೇ ಅರ್ಜಿ ಜೆರಾಕ್ಸಾ? ನಂಗ್ಯಾಕೆ ಕೊಡ್ತೀಯ? ಹೂಂ, ಆ ಟಿಕ್ಕು ನಂದೇ. ಅದರ ಮುಂದೆ ಏನ್ ಬರೆದಿದೆ ಅಂತಾನಾ? ಅಕ್ಷರ ಸಣ್ಣದು... ಇಲ್ಲಿ ಬೆಳಕೂ ಕಮ್ಮಿ...

ಆ ಸಾಲಿನ ಮೇಲಿಂದ ಬೆರಳು ತೆಗಿಯೇ ಮಗಳೇ.

ನಂಗೆ ಇಂಗ್ಲಿಷ್ ಓದಕ್ ಬರಲ್ಲ ತನು. ಒಂದಕ್ಷರಾನೂ ಬರಲ್ಲ. ನೀನು ಒಂದನೇ ಕ್ಲಾಸಲ್ಲಿದ್ದಾಗ ಪುಸ್ತಕ ಹಿಡ್ಕೊಂಡ್ ಬಂದು, ಅಪ್ಪಾ ನಿಂಗೆ ಇದೆಲ್ಲಾ ಬರುತ್ತಾ ಅಂತ ಕೇಳಿದ್ದೆ. ಹೂಂ ಅಂದ್ಬಿಟ್ಟೆ. ನಿನಗೆಷ್ಟು ಖುಷಿಯಾಯ್ತು ಅಂದ್ರೆ... ಆಮೇಲೆ ಇಲ್ಲ ಅನ್ನಕ್ಕೆ ನನ್ ಕೈಲಿ ಆಗ್ಲೇ ಇಲ್ಲ.